ಕೊಳವೆ ಎಲ್ಲಿ ಮುಗಿಯುತ್ತದೆ: ನೀರಿನ ಯೋಜನೆಯೊಂದರ ಕರಾರಿಗೆ ಪ್ಯಾಕೇಜು, ವೇಳಾಪಟ್ಟಿ ಬರೆದ ಅನುಭವ

ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಟೆಂಡರ್ ದಾಖಲೆ ಎಂದರೆ ಸಾಮಾನ್ಯವಾಗಿ ಮೂರು ನಾಲ್ಕು ದಪ್ಪ ಸಂಪುಟಗಳು. ಅವುಗಳಲ್ಲಿ ದರಪಟ್ಟಿಯನ್ನು ಎಲ್ಲರೂ ಓದುತ್ತಾರೆ, ಅರ್ಹತಾ ಷರತ್ತುಗಳನ್ನು ಗುತ್ತಿಗೆದಾರರು ಅಕ್ಷರ ಬಿಡದೆ ಓದುತ್ತಾರೆ, ತಾಂತ್ರಿಕ ವಿವರಣೆಯನ್ನು ಜಗಳ ಬಂದ ಮೇಲೆ ಓದುತ್ತಾರೆ. ಕಾಮಗಾರಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗಕ್ಕೂ ಅವಧಿ ನಿಗದಿಪಡಿಸುವ ಅನುಬಂಧ ಮಾತ್ರ ಹಳೆಯ ಯಾವುದೋ ಯೋಜನೆಯ ಕಡತದಿಂದ ಎತ್ತಿ ತಂದ ಒಂದೂವರೆ ಪುಟವಾಗಿರುತ್ತದೆ. ಆಲಮಟ್ಟಿ ಹಿನ್ನೀರಿನಿಂದ ನೀರೆತ್ತಿ ವಿಜಯಪುರ ಜಿಲ್ಲೆಯ ಹಲವು ಹಳ್ಳಿಗಳಿಗೆ ಕೊಡುವ ಒಂದು ಯೋಜನೆಗೆ ಟೆಂಡರ್ ದಾಖಲೆ ಸಿದ್ಧಪಡಿಸುತ್ತಿದ್ದ ಸಲಹೆಗಾರ ಸಂಸ್ಥೆಯಲ್ಲಿ ನಾನು ಯೋಜನಾ ಎಂಜಿನಿಯರ್ ಆಗಿದ್ದಾಗ, ಆ ಒಂದೂವರೆ ಪುಟವನ್ನು ಬದಿಗಿಟ್ಟು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಗಿ, ಪ್ರತಿ ಗ್ರಾಮೀಣ ಮನೆಗೂ ನಳದ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಮುಂದೆ ನಿಂತಿದ್ದ ಕಾಲವದು. ದಾಖಲೆಗಳು ಒಂದರ ಬೆನ್ನಿಗೆ ಒಂದು ತಯಾರಾಗಬೇಕಿತ್ತು. ಇದ್ದದ್ದನ್ನೇ ನಕಲು ಮಾಡಿ ಮುಗಿಸಿಬಿಡುವ ಒತ್ತಡವೂ ಅಷ್ಟೇ ಇತ್ತು.

ನಮ್ಮ ಮುಂದಿದ್ದ ಹಳೆಯ ಅನುಬಂಧದಲ್ಲಿ ಮೈಲಿಗಲ್ಲುಗಳನ್ನು ಹಣದ ಲೆಕ್ಕದಲ್ಲಿ ಬರೆಯಲಾಗಿತ್ತು. ಅವಧಿಯ ಕಾಲುಭಾಗ ಕಳೆಯುವಷ್ಟರಲ್ಲಿ ಕರಾರು ಮೊತ್ತದ ಇಷ್ಟು ಶೇಕಡ ಕೆಲಸ, ಅರ್ಧ ಕಳೆಯುವಷ್ಟರಲ್ಲಿ ಇಷ್ಟು, ಹೀಗೆ. ಇದರಲ್ಲಿ ಸುಲಭವಿದೆ, ಏಕೆಂದರೆ ಬಿಲ್ಲುಗಳನ್ನು ಕೂಡಿಸಿದರೆ ಪ್ರಗತಿ ಎಷ್ಟೆಂದು ತಿಳಿದುಬಿಡುತ್ತದೆ. ಆದರೆ ನೀರಿನ ಯೋಜನೆಯಲ್ಲಿ ಅಂದಾಜಿನ ದೊಡ್ಡ ಪಾಲು ಕೊಳವೆಯ ಬೆಲೆಯೇ ಆಗಿರುವುದರಿಂದ, ಕಾರ್ಖಾನೆಯಿಂದ ಡಿ.ಐ. (ಡಕ್ಟೈಲ್ ಐರನ್ ಎಂಬ ಎರಕದ ಕಬ್ಬಿಣದ) ಕೊಳವೆ ತರಿಸಿ ರಸ್ತೆಯ ಅಂಚಿಗೆ ಪೇರಿಸಿದರೆ ಸಾಕು, ಮೊದಲ ಎರಡು ಮೈಲಿಗಲ್ಲುಗಳು ದಾಟಿದಂತೆಯೇ. ಹಿಂದೆ ನಾನು ಕಂಡ ಒಂದು ಯೋಜನೆಯಲ್ಲಿ ಹಾಗೆಯೇ ಆಗಿತ್ತು. ಕಾಗದದ ಮೇಲೆ ಅರ್ಧಕ್ಕಿಂತ ಹೆಚ್ಚು ಪ್ರಗತಿ. ಊರ ಹೊರಗೆ ಮೈಲುಗಟ್ಟಲೆ ಕರಿಯ ಕೊಳವೆಗಳ ಸಾಲು. ನದಿಯ ದಂಡೆಯಲ್ಲಿ ಜಾಕ್‌ವೆಲ್‌ಗೆ, ಅಂದರೆ ಪಂಪು ಇಟ್ಟು ನದಿಯ ನೀರೆತ್ತುವ ಬಾವಿಗೆ, ಇನ್ನೂ ಗುರುತು ಹಾಕಿರಲಿಲ್ಲ. ಕರಾರಿನ ಪ್ರಕಾರ ಗುತ್ತಿಗೆದಾರರು ತಪ್ಪಿತಸ್ಥರೇನೂ ಅಲ್ಲ. ಕರಾರು ಏನು ಕೇಳಿತ್ತೋ ಅದನ್ನು ಅವರು ಮಾಡಿದ್ದರು.

ಹೀಗಾಗಿ ಮೊದಲು ತೀರ್ಮಾನವಾಗಬೇಕಾಗಿದ್ದದ್ದು ಪ್ಯಾಕೇಜಿನ, ಅಂದರೆ ಕಾಮಗಾರಿಯ ಒಂದೊಂದು ಭಾಗದ, ಗಡಿಯನ್ನು ಯಾವ ಆಧಾರದ ಮೇಲೆ ಎಳೆಯಬೇಕು ಎಂಬುದು. ನಮ್ಮ ತಂಡದಲ್ಲಿ ಇಲಾಖೆಯಿಂದ ನಿವೃತ್ತರಾಗಿ ಬಂದ ಹಿರಿಯ ಎಂಜಿನಿಯರೊಬ್ಬರಿದ್ದರು. ನಾನು ದರಪಟ್ಟಿಯ ಅಧ್ಯಾಯಗಳನ್ನೇ ಅನುಸರಿಸಿ ಅಗೆತ, ಕೊಳವೆ ಪೂರೈಕೆ, ಕಾಂಕ್ರೀಟು, ಯಂತ್ರೋಪಕರಣ ಎಂದು ವಿಂಗಡಿಸಿದ ಕರಡು ಪಟ್ಟಿಯನ್ನು ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು: "ಈ ಕೆಲಸ ಮುಗೀತು ಅಂದ ದಿವಸ ಯಾರು ಯಾರ ಕೈಗೆ ಏನು ಕೊಡ್ತಾರ?" ಅಗೆತ ಮುಗಿದ ದಿನ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ. ಒಂದು ವಾಲ್ವಿನಿಂದ ಇನ್ನೊಂದು ವಾಲ್ವಿನವರೆಗೆ ಕೊಳವೆ ಹೂಳಿ, ಒತ್ತಡ ಪರೀಕ್ಷೆ ಮಾಡಿ, ಗುಂಡಿ ಮುಚ್ಚಿ, ರಸ್ತೆ ಸರಿಪಡಿಸಿದ ದಿನ ಮಾತ್ರ ಕೈಯಲ್ಲಿ ಹಿಡಿದು ಕೊಡುವಂಥ ಒಂದು ವಸ್ತು ಇರುತ್ತದೆ. ಅಂದಿನಿಂದ ನಮ್ಮ ನಿಯಮ ಅದೇ ಆಯಿತು. ಪರೀಕ್ಷಿಸಲು ಬರುವಂಥದ್ದು, ಪರೀಕ್ಷೆಯ ನಂತರ ಇನ್ನೊಬ್ಬರು ಮುಂದುವರಿಸಲು ಬರುವಂಥದ್ದು ಮಾತ್ರ ಪ್ಯಾಕೇಜು. ಉಳಿದದ್ದೆಲ್ಲ ಅದರೊಳಗಿನ ಬಾಬ್ತು.

ಇಡೀ ಕಾಮಗಾರಿಯನ್ನು ಬೇರೆ ಬೇರೆ ಟೆಂಡರುಗಳಾಗಿ ಒಡೆಯುವ ಮಾತು ಇಲ್ಲಿರಲಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಬಂದ ಮೇಲೆ ಕಾಮಗಾರಿಯನ್ನು ತುಂಡರಿಸುವುದೆಂದರೆ ಯಾವ ಅಧಿಕಾರಿಗೂ ಅಂಜಿಕೆ, ಮತ್ತು ಆ ಅಂಜಿಕೆಗೆ ತಕ್ಕ ಕಾರಣವೂ ಇದೆ; ತುಂಡು ಗುತ್ತಿಗೆಯ ಹೆಸರಿನಲ್ಲಿ ನಡೆದದ್ದೇನೆಂದು ನಮ್ಮ ಜಿಲ್ಲೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಒಂದೇ ಟೆಂಡರ್, ಒಬ್ಬರೇ ಗುತ್ತಿಗೆದಾರರು, ಒಂದೇ ಕರಾರು, ಅದರೊಳಗೆ ಪ್ಯಾಕೇಜುಗಳು. ಜಾಕ್‌ವೆಲ್ ಮತ್ತು ಅದಕ್ಕೆ ಹೋಗುವ ಸೇತುವೆ, ಕಚ್ಚಾನೀರಿನ ಏರುಕೊಳವೆ, ಶುದ್ಧೀಕರಣ ಘಟಕ, ಶುದ್ಧನೀರಿನ ಕೊಳವೆ, ಎತ್ತರದ ಜಾಗದ ಸಮತೋಲನ ಜಲಾಗಾರ, ಪಂಪು ಮತ್ತು ವಿದ್ಯುತ್ ಕೆಲಸ, ಕೊನೆಗೆ ಹಳ್ಳಿಗಳ ಗುಂಪುಗಳು. ಹಳ್ಳಿಯ ಮಟ್ಟದಲ್ಲಿ ಮೇಲ್ತೊಟ್ಟಿ, ಬೀದಿಯ ಕೊಳವೆ, ಮನೆ ನಳ ಮೂರನ್ನೂ ಒಂದೇ ಪ್ಯಾಕೇಜಿಗೆ ಸೇರಿಸಿದೆವು. ತೊಟ್ಟಿ ಕಟ್ಟಿದವರು ಒಬ್ಬರು, ನಳ ಕೂರಿಸಿದವರು ಇನ್ನೊಬ್ಬರು ಎಂದಾದರೆ ನೀರು ಬಾರದ ಮನೆಯವರು ಯಾರನ್ನು ಹಿಡಿಯಬೇಕು?

ಗುತ್ತಿಗೆದಾರರು ಒಬ್ಬರೇ ಆದರೂ ಕೆಳಗೆ ಕೆಲಸ ಮಾಡುವವರು ಒಬ್ಬರಲ್ಲ. ತೊಟ್ಟಿ ಕಟ್ಟುವ ತಂಡ ಒಂದು, ಕೊಳವೆ ಹಾಕುವ ತಂಡ ಇನ್ನೊಂದು, ಪಂಪು ಕೂರಿಸುವ ಕಂಪನಿ ಮತ್ತೊಂದು. ಒಂದು ಪ್ಯಾಕೇಜು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿಯೇ ಸೋರಿಕೆ, ನಿಜಾರ್ಥದಲ್ಲಿಯೂ. ಕಾಂಕ್ರೀಟ್ ತೊಟ್ಟಿಯ ಗೋಡೆಯಲ್ಲಿ ಕೊಳವೆ ಹಾದುಹೋಗುವ ಕಡೆ ಪಡ್ಲ್ ಕಾಲರ್ ಎಂಬ ಒಂದು ಲೋಹದ ತುಂಡನ್ನು ಕಾಂಕ್ರೀಟು ಹಾಕುವ ಮೊದಲೇ ಕಂಬಿಯ ನಡುವೆ ಕೂರಿಸಬೇಕು. ಅದರ ನಡುವಿನ ಅಗಲವಾದ ಬಳೆ ಗೋಡೆಯೊಳಗೆ ಹೂತುಕೊಂಡು ನೀರು ಕೊಳವೆಯ ಹೊರಮೈಗುಂಟ ಜಿನುಗದಂತೆ ತಡೆಯುತ್ತದೆ. ತೊಟ್ಟಿ ಕಟ್ಟುವವರ ಲೆಕ್ಕದಲ್ಲಿ ಅದು ಕೊಳವೆ ಸಾಮಾನು, ಕೊಳವೆಯವರ ಲೆಕ್ಕದಲ್ಲಿ ಅದು ಗೋಡೆಯ ಕೆಲಸ. ಮೇಲೆ ಹೇಳಿದ ಹಳೆಯ ಯೋಜನೆಯಲ್ಲಿ ಒಂದು ತೊಟ್ಟಿಯ ಗೋಡೆ ಕಾಲರ್ ಇಲ್ಲದೆಯೇ ಎದ್ದು ನಿಂತಿತ್ತು. ಆಮೇಲೆ ಗೋಡೆಗೆ ರಂಧ್ರ ಕೊರೆದು ಕೊಳವೆ ತೂರಿಸಿ, ಸುತ್ತ ಸಿಮೆಂಟಿನ ಗ್ರೌಟು ತುಂಬಿ, ಅದು ಪ್ರತಿ ಬೇಸಗೆಗೂ ಜಿನುಗುತ್ತ, ಪ್ರತಿ ಬೇಸಗೆಗೂ ದುರಸ್ತಿಯಾಗುತ್ತ ಇತ್ತು. ಅದಕ್ಕಾಗಿ ನಮ್ಮ ಅನುಬಂಧದಲ್ಲಿ ಪ್ರತಿ ಪ್ಯಾಕೇಜಿನ ವಿವರಣೆಯ ಕೊನೆಗೆ ಗಡಿ ಎಂಬ ಪ್ರತ್ಯೇಕ ಸಾಲು ಸೇರಿಸಿದೆವು: "ತೊಟ್ಟಿಯ ಗೋಡೆಯ ಹೊರಮೈಯಿಂದ ಒಂದು ಮೀಟರ್ ಆಚೆಯ ಫ್ಲೇಂಜಿನವರೆಗೆ, ಪಡ್ಲ್ ಕಾಲರ್ ಸೇರಿ, ತೊಟ್ಟಿಯ ಪ್ಯಾಕೇಜು, ಆ ಫ್ಲೇಂಜಿನ ಬೋಲ್ಟು ಮತ್ತು ಗ್ಯಾಸ್ಕೆಟ್ ಸೇರಿ ಮುಂದಿನದು ಕೊಳವೆಯ ಪ್ಯಾಕೇಜು." ಫ್ಲೇಂಜ್ ಎಂದರೆ ಎರಡು ಕೊಳವೆಗಳನ್ನು ಬೋಲ್ಟು ಹಾಕಿ ಜೋಡಿಸುವ ತುದಿಯ ಬಳೆ. ಬೋಲ್ಟಿನ ಮಟ್ಟಕ್ಕೆ ಇಳಿಯುವುದು ಅತಿಯಾಯಿತೆಂದು ನಮ್ಮ ಕಚೇರಿಯಲ್ಲೇ ಕೆಲವರು ನಕ್ಕರು. ನಾನು ಆ ಸಾಲನ್ನು ತೆಗೆಯಲಿಲ್ಲ.

ಒತ್ತಡ ಪರೀಕ್ಷೆಯನ್ನು ಪ್ಯಾಕೇಜಿನೊಳಗೆ ಸೇರಿಸಿದ ಕೂಡಲೇ ಇನ್ನೊಂದು ಪ್ರಶ್ನೆ ಎದುರಾಯಿತು. ಪರೀಕ್ಷೆಗೆ ನೀರು ಎಲ್ಲಿಂದ ಬರಬೇಕು? ಕೊಳವೆಯ ಕೆಲಸ ಜಾಕ್‌ವೆಲ್‌ಗಿಂತ ಎಷ್ಟೋ ಮುಂಚೆ ಮುಗಿಯುತ್ತದೆ. ಆಗ ಯೋಜನೆಯ ನೀರು ಇನ್ನೂ ನದಿಯಲ್ಲೇ ಇರುತ್ತದೆ. 400 ಮಿ.ಮೀ. ವ್ಯಾಸದ ಕೊಳವೆ 5 ಕಿ.ಮೀ. ಉದ್ದಕ್ಕೆ ತುಂಬಿಕೊಳ್ಳಲು ಸುಮಾರು 6.3 ಲಕ್ಷ ಲೀಟರ್ ಬೇಕು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತರುವುದಾದರೆ ಅರವತ್ತಮೂರು ಟ್ಯಾಂಕರು, ಅದೂ ಬೇಸಗೆಯಲ್ಲಿ ಕುಡಿಯುವುದಕ್ಕೇ ಟ್ಯಾಂಕರಿನ ಹಾದಿ ಕಾಯುವ ಊರುಗಳ ನಡುವೆ. ಈ ಲೆಕ್ಕವನ್ನು ಯಾರೂ ಮಾಡದೆ ಪರೀಕ್ಷೆಯನ್ನು ಕೊನೆಗೆ ದೂಡುವುದು ವಾಡಿಕೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಸೋರುವ ಕೀಲು ಯಾವ ಹೊಲದ ಕೆಳಗಿದೆ ಎಂದು ಹುಡುಕುವುದಕ್ಕೆ ತಿಂಗಳುಗಳು ಹೋಗುತ್ತವೆ. ನಾವು ಪರೀಕ್ಷೆಯನ್ನು ಒಂದೊಂದು ಕಿಲೋಮೀಟರಿನ ತುಂಡಿಗೆ ಇಳಿಸಿದೆವು. ಒಂದು ತುಂಡಿಗೆ 1.26 ಲಕ್ಷ ಲೀಟರ್ ಸಾಕು. ಪರೀಕ್ಷೆ ಮುಗಿದ ನೀರನ್ನು ಮುಂದಿನ ತುಂಡಿಗೆ ಹಾಯಿಸಬಹುದು. ಹತ್ತಿರದ ಕೆರೆ, ಕಾಲುವೆ ಯಾವುದೆಂಬುದನ್ನು ನಕ್ಷೆಯಲ್ಲಿ ಗುರುತಿಸಿ, ನೀರು ತರುವ ಹೊಣೆ ಗುತ್ತಿಗೆದಾರರದು, ಕಾಲುವೆಯಿಂದ ಎತ್ತಲು ಅನುಮತಿ ಕೊಡಿಸುವ ಹೊಣೆ ಇಲಾಖೆಯದು ಎಂದು ಬರೆದೆವು.

ಪ್ಯಾಕೇಜುಗಳು ಒಂದು ಹದಕ್ಕೆ ಬಂದ ಮೇಲೆ ವೇಳಾಪಟ್ಟಿ. ಒಟ್ಟು ಅವಧಿ 24 ತಿಂಗಳು ಎಂಬುದು ಮೇಲಿನಿಂದಲೇ ಬಂದಿತ್ತು. ಅದನ್ನು ಅಲುಗಾಡಿಸುವ ಅಧಿಕಾರ ನಮಗಿರಲಿಲ್ಲ. ಆದರೆ ಕೆಲಸ ಶುರುವಾಗುವುದು ಯಾವ ತಿಂಗಳಿನಲ್ಲಿ ಎಂಬುದೇ ಗೊತ್ತಿಲ್ಲದೆ 24 ತಿಂಗಳ ವೇಳಾಪಟ್ಟಿಯನ್ನು ಹೇಗೆ ಬರೆಯುವುದು? ಬಯಲುಸೀಮೆಯ ಕಟ್ಟಡವೊಂದಕ್ಕೆ ಇದು ಅಷ್ಟು ದೊಡ್ಡ ತೊಡಕಲ್ಲ. ಹಿನ್ನೀರಿನ ಜಾಕ್‌ವೆಲ್‌ಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮುಂಗಾರಿನಲ್ಲಿ ಕೃಷ್ಣೆ ತುಂಬಿ ಬಂದರೆ ಹಿನ್ನೀರು ಆ ಮಟ್ಟಕ್ಕೆ ಏರಿ, ಕಾಲುವೆಗಳಿಗೆ ನೀರು ಬಿಡುತ್ತ ಬಿಡುತ್ತ ಚಳಿಗಾಲ ಕಳೆದು ಬೇಸಗೆಯಲ್ಲಿ ಇಳಿಯುತ್ತದೆ. ಬೇಸಗೆಯಲ್ಲೂ ನೀರು ಸಿಗಬೇಕಾದರೆ ಜಾಕ್‌ವೆಲ್‌ನ ತಳ ಇಳಿದ ನೀರಿಗಿಂತಲೂ ಕೆಳಗಿರಬೇಕು. ಅಂದರೆ ಅಡಿಪಾಯದ ಕೆಲಸಕ್ಕೆ ಸಿಗುವುದು ನೀರು ಸಾಕಷ್ಟು ಇಳಿದ ಮೇಲಿನ ಕೆಲವೇ ತಿಂಗಳು, ಅದೂ ಮಣ್ಣಿನ ಒಡ್ಡು ಹಾಕಿ, ಪಂಪು ಇಟ್ಟು ಹಗಲು ರಾತ್ರಿ ನೀರೆತ್ತಿಕೊಂಡು. ಕಾರ್ಯಾದೇಶ ಡಿಸೆಂಬರಿನಲ್ಲಿ ಸಿಕ್ಕರೆ ಗುತ್ತಿಗೆದಾರರಿಗೆ 24 ತಿಂಗಳಲ್ಲಿ ಎರಡು ಬೇಸಗೆ ಪೂರ್ತಿ ಸಿಗುತ್ತವೆ. ಏಪ್ರಿಲಿನಲ್ಲಿ ಸಿಕ್ಕರೆ ಮೊದಲ ಬೇಸಗೆ ನಕ್ಷೆಯ ಅನುಮೋದನೆಯಲ್ಲಿ, ಯಂತ್ರ ತರಿಸುವುದರಲ್ಲಿ ಕಳೆದುಹೋಗುತ್ತದೆ.

ಕರಡಿನಲ್ಲಿ ಮೊದಲು "ಜಾಕ್‌ವೆಲ್: ಫೆಬ್ರವರಿಯಿಂದ ಮೇ" ಎಂದು ಬರೆದಿದ್ದನ್ನು ಚರ್ಚೆಯ ನಂತರ ಹೊಡೆದುಹಾಕಿ, ತಿಂಗಳಿನ ಬದಲು ನೀರಿನ ಮಟ್ಟವನ್ನೇ ಬರೆದೆವು. ನೀರು ಇಷ್ಟು ಮೀಟರ್ ಮಟ್ಟಕ್ಕಿಂತ ಕೆಳಗೆ ಇಳಿದ ದಿನದಿಂದ ಮತ್ತೆ ಆ ಮಟ್ಟಕ್ಕೆ ಏರುವ ದಿನದವರೆಗೆ ಕೆಲಸದ ಅವಧಿ. ಹಿಂದಿನ ಹತ್ತು ವರ್ಷಗಳ ಜಲಾಶಯದ ಮಟ್ಟದ ಅಂಕಿಗಳನ್ನು ಟೆಂಡರಿಗೆ ಲಗತ್ತಿಸಿದೆವು. ಆ ಹತ್ತು ವರ್ಷಗಳಲ್ಲಿ ಕಂಡ ಏರಿಳಿತದೊಳಗಿನ ಯಾವುದೇ ತೊಂದರೆ ಗುತ್ತಿಗೆದಾರರ ತಲೆಗೆ. ಅದನ್ನು ಮೀರಿ ನೀರು ಇಳಿಯದೆ ನಿಂತರೆ, ಇಲ್ಲವೇ ಅಕಾಲದಲ್ಲಿ ಏರಿದರೆ, ಅಷ್ಟು ದಿನಗಳ ಕಾಲಾವಧಿ ವಿಸ್ತರಣೆ, ಆದರೆ ಹಣವಿಲ್ಲ. ಈ ಎರಡು ವಾಕ್ಯಗಳಿಗೆ ತೆಗೆದುಕೊಂಡಷ್ಟು ಸಮಯವನ್ನು ನಾನು ಆ ದಾಖಲೆಯ ಬೇರೆ ಯಾವ ಪುಟಕ್ಕೂ ಕೊಟ್ಟಿಲ್ಲ, ಮತ್ತು ಅದು ಸರಿಯಾಗಿಯೇ ಇತ್ತೆಂದು ಈಗಲೂ ನನ್ನ ಅಭಿಪ್ರಾಯ.

ಕೊಳವೆಯ ಹಾದಿಗೂ ಇಂಥದೇ ಒಂದು ಪಂಚಾಂಗ ಇತ್ತು. ಸಾಧ್ಯವಾದಷ್ಟು ದೂರ ರಸ್ತೆಯ ಅಂಚಿನಲ್ಲೇ ಕೊಳವೆ ಹೋಗುತ್ತದೆಯಾದರೂ, ಶುದ್ಧೀಕರಣ ಘಟಕದಿಂದ ಎತ್ತರದ ಜಲಾಗಾರದವರೆಗೆ ಎರೆಹೊಲಗಳನ್ನು ದಾಟದೆ ಗತಿಯಿರಲಿಲ್ಲ. ಹಾದಿ ನೋಡಲು ಹೋದಾಗ ಬದುವಿನ ಮೇಲೆ ನಿಂತಿದ್ದ ಹಿರಿಯ ರೈತರೊಬ್ಬರು ನಕ್ಷೆಯನ್ನು ನೋಡುವ ಗೋಜಿಗೂ ಹೋಗದೆ ಹೇಳಿದರು: "ಪೈಪ್ ಹಾಕ್ರಿ, ನೀರಿನ ಕೆಲಸ ಐತಿ, ಬ್ಯಾಡ ಅನ್ನಂಗಿಲ್ಲ. ಆದ್ರ ಜ್ವಾಳ ಕಟಾವು ಆಗೂತನ ಹೊಲದಾಗ ಜೆಸಿಬಿ ಇಳಸಬ್ಯಾಡ್ರಿ." ತೊಗರಿ ಡಿಸೆಂಬರ್, ಜನವರಿಯಲ್ಲಿ ಕಟಾವಾಗುತ್ತದೆ, ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚಿಗೆ. ಮಳೆಗಾಲದಲ್ಲಿ ಎರೆಮಣ್ಣು ಹಸಿಯಾಗಿ ಯಂತ್ರದ ಚಕ್ರವೇ ಹೂತುಹೋಗುತ್ತದೆ. ಆದ್ದರಿಂದ ಹೊಲಗಳ ನಡುವಿನ ಭಾಗವನ್ನು ರಸ್ತೆಯಂಚಿನ ಭಾಗದಿಂದ ಬೇರ್ಪಡಿಸಿ ಪ್ರತ್ಯೇಕ ಪ್ಯಾಕೇಜು ಮಾಡಿ, ಅದಕ್ಕೆ ಮಾರ್ಚಿಯಿಂದ ಮೇ ಕೊನೆಯವರೆಗಿನ ಅವಧಿಯನ್ನು, ಬೆಳೆ ನಿಂತಿದ್ದಾಗಲೇ ಅಗೆಯಬೇಕಾಗಿ ಬಂದರೆ ಕೊಡಬೇಕಾದ ಬೆಳೆ ಪರಿಹಾರದ ಬಾಬ್ತನ್ನು ಬರೆದೆವು. ಬಾರ್ ಚಾರ್ಟಿನಲ್ಲಿ ಕೊಳವೆಯ ಕೆಲಸವನ್ನು ಹನ್ನೆರಡು ತಿಂಗಳ ಒಂದೇ ಉದ್ದ ಪಟ್ಟಿಯಾಗಿ ತೋರಿಸಿದರೆ ಈ ಯಾವುದೂ ಕಾಣುವುದಿಲ್ಲ.

ಇಷ್ಟರವರೆಗಿನದಕ್ಕೆ ಇಲಾಖೆಯ ಕಡೆಯಿಂದ ಅಂಥ ವಿರೋಧವೇನೂ ಬರಲಿಲ್ಲ. ಬಿಸಿ ಏರಿದ್ದು ಇಲಾಖೆಯೇ ಮಾಡಬೇಕಾದ ಕೆಲಸಗಳಿಗೆ ನಾವು ದಿನಾಂಕ ಬರೆದಾಗ. ಶುದ್ಧೀಕರಣ ಘಟಕದ ಜಮೀನು ಯಾವಾಗ ಕೈಗೆ ಸಿಗುತ್ತದೆ. ಹಳ್ಳಿಗಳಲ್ಲಿ ಮೇಲ್ತೊಟ್ಟಿಗೆ ಜಾಗ ಕೊಡುವ ಗ್ರಾಮ ಪಂಚಾಯಿತಿಯ ಠರಾವು ಯಾವಾಗ. ರಾಷ್ಟ್ರೀಯ ಹೆದ್ದಾರಿಯನ್ನು, ರೈಲು ಹಳಿಯನ್ನು ದಾಟಲು ಅನುಮತಿ ಯಾವಾಗ. ವಿದ್ಯುತ್ ಸಂಪರ್ಕಕ್ಕೆ ಠೇವಣಿ ಕಟ್ಟುವುದು ಯಾವಾಗ. ಗುತ್ತಿಗೆದಾರರು ಕೊಟ್ಟ ನಕ್ಷೆಯನ್ನು ಎಷ್ಟು ದಿನಗಳಲ್ಲಿ ಅನುಮೋದಿಸುತ್ತೀರಿ ಅಥವಾ ಹಿಂದಿರುಗಿಸುತ್ತೀರಿ. ಹಳೆಯ ದಾಖಲೆಯಲ್ಲಿ ಇವೆಲ್ಲ "ಇಲಾಖೆಯು ಅಗತ್ಯ ಸಹಕಾರ ನೀಡತಕ್ಕದ್ದು" ಎಂಬ ಒಂದು ಸಾಲಿನೊಳಗೆ ಅಡಗಿದ್ದವು. ನಾವು ಪ್ರತಿಯೊಂದನ್ನೂ ಒಂದು ಚಟುವಟಿಕೆಯಾಗಿ, ಅವಧಿ ಸಮೇತ, ಅದು ಯಾವ ಪ್ಯಾಕೇಜಿಗೆ ಬಾಗಿಲು ತೆರೆಯುತ್ತದೆ ಎಂಬುದರ ಸಮೇತ ಪಟ್ಟಿಗೆ ಸೇರಿಸಿದ್ದೆವು.

ಕಾರ್ಯಪಾಲಕ ಎಂಜಿನಿಯರ್ ಸಾಹೇಬರು ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, "ನಾವು ಮಾಡಬೇಕಾದ್ದಕ್ಕೆ ತಾರೀಖು ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದು ಗುತ್ತಿಗೆದಾರ ಕ್ಲೇಮು ಹಾಕ್ತಾನೆ. ಆಡಿಟ್‌ನವರಿಗೆ ನಾನೇನು ಉತ್ತರ ಹೇಳಲಿ?" ಎಂದರು. ನಮ್ಮ ಹಿರಿಯರು ಮೆತ್ತಗೆ, "ಬರೀದಿದ್ರೂ ಹಾಕ್ತಾನ್ರಿ ಸರ್. ಆಗ ಅವ ಹೇಳಿದ್ದ ತಾರೀಖ ಆಗತೈತಿ," ಎಂದರು.

ಕಾರ್ಯಪಾಲಕ ಎಂಜಿನಿಯರರ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜಮೀನು ಕೊಡಿಸುವುದಾಗಲಿ, ರೈಲ್ವೆಯ ಅನುಮತಿ ತರಿಸುವುದಾಗಲಿ ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಪೂರ್ತಿ ಇರುವುದಿಲ್ಲ, ವಿಳಂಬವಾದರೆ ಉತ್ತರ ಹೇಳಬೇಕಾದವರು ಮಾತ್ರ ಅವರೇ. ಆದರೆ ಕಾನೂನಿನ ಲೆಕ್ಕ ಬೇರೆ. ಭಾರತೀಯ ಕರಾರು ಅಧಿನಿಯಮ 1872ರ 55ನೇ ಪ್ರಕರಣದ ಪ್ರಕಾರ, ಕಾಲವೇ ಮುಖ್ಯ ಅಂಶವಾಗಿರುವ ಕರಾರಿನಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗ, ನಷ್ಟಪರಿಹಾರ ಕೇಳುವ ಉದ್ದೇಶವನ್ನು ಆಗಲೇ ತಿಳಿಸದಿದ್ದರೆ ಮುಂದೆ ಕೇಳಲು ಬರುವುದಿಲ್ಲ. 74ನೇ ಪ್ರಕರಣದ ಪ್ರಕಾರ, ದಂಡದ ಮೊತ್ತವನ್ನು ಕರಾರಿನಲ್ಲೇ ಬರೆದಿದ್ದರೂ ಸಿಗುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. ತನ್ನ ಕಡೆಯ ವಿಳಂಬದ ಲೆಕ್ಕವನ್ನೇ ಇಡದ ಇಲಾಖೆ ಗುತ್ತಿಗೆದಾರರ ವಿಳಂಬಕ್ಕೆ ದಂಡ ಹಾಕಲು ಹೊರಟರೆ ಮಧ್ಯಸ್ಥಿಕೆಯಲ್ಲಿ ಅದು ನಿಲ್ಲುವುದು ಕಷ್ಟ. ದಿನಾಂಕಗಳ ಪಟ್ಟಿ ಗುತ್ತಿಗೆದಾರರಿಗೆ ಎಷ್ಟು ಆಧಾರವೋ ಇಲಾಖೆಗೂ ಅಷ್ಟೇ ಆಧಾರ, ಏಕೆಂದರೆ ಯಾವ ಪ್ಯಾಕೇಜು ಯಾರಿಂದ ನಿಂತಿತೆಂದು ತೋರಿಸಲು ಬೇರೆ ಕಾಗದ ಇರುವುದಿಲ್ಲ. ಕೊನೆಗೆ ಒಂದು ಹೊಂದಾಣಿಕೆಯಾಯಿತು. ಜಮೀನು ಮತ್ತು ಪಂಚಾಯಿತಿ ಠರಾವುಗಳು ಟೆಂಡರ್ ಕರೆಯುವ ಮೊದಲೇ ಕೈಯಲ್ಲಿರಬೇಕು. ಹೆದ್ದಾರಿ, ರೈಲ್ವೆ ದಾಟುವಿಕೆಗೆ ದಿನಾಂಕ ಇರಲಿ, ಆದರೆ ವಿಳಂಬವಾದರೆ ಆ ಪ್ಯಾಕೇಜಿಗೆ ಮಾತ್ರ ವಿಸ್ತರಣೆ. ನಕ್ಷೆಯ ಅನುಮೋದನೆಗೆ 15 ದಿನ, ಅದರೊಳಗೆ ಉತ್ತರ ಬಾರದಿದ್ದರೆ ಮೀರಿದ ದಿನಗಳು ಇಲಾಖೆಯ ಲೆಕ್ಕಕ್ಕೆ. ನಕ್ಷೆ ತಾನಾಗಿಯೇ ಅನುಮೋದನೆಯಾದಂತೆ ಎಂಬ ಷರತ್ತನ್ನು ನಾನು ಸೂಚಿಸಿದ್ದೆ; ಅದನ್ನು ಅವರು ಒಪ್ಪಲಿಲ್ಲ. ತೊಟ್ಟಿಯ ಕಂಬಿಯ ನಕ್ಷೆ ಯಾರೂ ನೋಡದೆ ಪಾಸಾಗುವುದು ಬೇಡ ಎಂಬ ಅವರ ಮಾತಿನಲ್ಲಿ ಹುರುಳಿತ್ತು.

ಪಂಪು ಮತ್ತು ಟ್ರಾನ್ಸ್‌ಫಾರ್ಮರ್‌ಗಳ ವಿಷಯದಲ್ಲಿ ಅವರಿಗೆ ಮನವರಿಕೆ ಮಾಡುವುದು ನಾನೆಣಿಸಿದ್ದಕ್ಕಿಂತ ಸುಲಭವಾಯಿತು. ಕೂರಿಸುವ ಕೆಲಸ ಕೆಲವೇ ವಾರಗಳದಾದ್ದರಿಂದ ವೇಳಾಪಟ್ಟಿಯಲ್ಲಿ ಅವು ಕೊನೆಯ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತವೆ, ಆದರೆ ವಿನ್ಯಾಸ, ಆದೇಶ, ತಯಾರಿಕೆ, ಕಾರ್ಖಾನೆಯಲ್ಲಿ ಪರೀಕ್ಷೆ ಎಲ್ಲ ಸೇರಿದರೆ ಅವು ಶುರುವಾಗಬೇಕಾದದ್ದು ಮೊದಲ ವರ್ಷದಲ್ಲೇ. ಬೆಂಗಳೂರಿನ ಮೆಟ್ರೊದ ಹಳದಿ ಮಾರ್ಗ ಎಲ್ಲರಿಗೂ ಗೊತ್ತಿರುವ ಉದಾಹರಣೆ: ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಆ ಮಾರ್ಗದಲ್ಲಿ ಸೇತುವೆ, ನಿಲ್ದಾಣ, ಹಳಿಯ ಕೆಲಸ ಬಹುಮಟ್ಟಿಗೆ ಮುಗಿದ ಮೇಲೂ ರೈಲುಗಾಡಿಗಳು ಬರುವವರೆಗೆ ಕಾಯಬೇಕಾಯಿತು. ಸಂಚಾರಕ್ಕೆ ಚಾಲನೆ ಸಿಕ್ಕಿದ್ದು 2025ರ ಆಗಸ್ಟ್ 10ರಂದು. ನಮ್ಮ ದಾಖಲೆಯಲ್ಲಿ ಪಂಪಿಗೆ "ಕೂರಿಸುವುದು" ಎಂಬ ಒಂದೇ ಮೈಲಿಗಲ್ಲಿನ ಬದಲು "ಆದೇಶ ನೀಡಿದ ಪ್ರತಿ ಸಲ್ಲಿಕೆ", "ಕಾರ್ಖಾನೆ ಪರೀಕ್ಷೆ", "ಸ್ಥಳಕ್ಕೆ ಆಗಮನ" ಎಂಬ ಮೂರನ್ನು ಮೊದಲೇ ಇಟ್ಟೆವು.

ವೇಳಾಪಟ್ಟಿಯೊಳಗಿನ ಬಿಡುವಿನ ದಿನಗಳ ಪ್ರಶ್ನೆ ಕಚೇರಿಯ ಒಳಗಿನ ವಾದವಾಗಿಯೇ ಬಹಳ ಕಾಲ ಉಳಿಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ರೂಪುಗೊಂಡ ನಿರ್ಣಾಯಕ ಪಥದ ಪದ್ಧತಿಯಲ್ಲಿ, ಒಟ್ಟು ಮುಕ್ತಾಯಕ್ಕೆ ಧಕ್ಕೆಯಾಗದಂತೆ ಒಂದು ಚಟುವಟಿಕೆ ಎಷ್ಟು ದಿನ ಜಾರಬಹುದೆಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ಫ್ಲೋಟ್ ಎಂಬ ಹೆಸರು. ಹಳ್ಳಿಯ ತೊಟ್ಟಿಗಳಿಗೆ ಧಾರಾಳ ಫ್ಲೋಟ್ ಇತ್ತು, ಜಾಕ್‌ವೆಲ್‌ಗೆ ಸೊನ್ನೆ. ಇಲಾಖೆಯಿಂದ ತೊಟ್ಟಿಯ ಜಾಗ ಎರಡು ತಿಂಗಳು ತಡವಾಗಿ ಸಿಕ್ಕಿ, ಆದರೂ ಫ್ಲೋಟ್ ಉಳಿದಿದ್ದರೆ ವಿಸ್ತರಣೆ ಕೊಡಬೇಕೆ? ಫ್ಲೋಟ್ ತಮ್ಮದೆಂದು ಗುತ್ತಿಗೆದಾರರು ಹೇಳುತ್ತಾರೆ, ತನ್ನದೆಂದು ಇಲಾಖೆ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರಡಿಸಿದ ವಿಳಂಬ ಕುರಿತ ಮಾರ್ಗಸೂಚಿಯ ನಿಲುವನ್ನೇ ನಾವು ತೆಗೆದುಕೊಂಡೆವು: ಫ್ಲೋಟ್ ಯಾರೊಬ್ಬರ ಸೊತ್ತೂ ಅಲ್ಲ, ಯೋಜನೆಯದು, ಮೊದಲು ಬಳಸಿಕೊಂಡವರಿಗೆ ಸಿಗುತ್ತದೆ, ಅದು ತೀರಿದ ಮೇಲಿನ ದಿನಗಳಿಗೆ ಮಾತ್ರ ವಿಸ್ತರಣೆ. ಇದನ್ನು ಎರಡು ಸಾಲಿನಲ್ಲಿ ಬರೆದು ಮುಗಿಸಿದೆವು.

ಟೆಂಡರ್ ಪೂರ್ವ ಸಭೆಗೆ ಬಂದ ಗುತ್ತಿಗೆದಾರರು ಗಡಿಯ ಸಾಲುಗಳ ಬಗ್ಗೆ ಏನನ್ನೂ ಕೇಳಲಿಲ್ಲ. ಅವರೆಲ್ಲರ ಬೆರಳು ನೆಟ್ಟದ್ದು ಹಣ ಪಾವತಿಯ ಕೋಷ್ಟಕದ ಮೇಲೆ. ಪ್ಯಾಕೇಜಿನ ಮೊತ್ತದಲ್ಲಿ ಕೊಳವೆ ಸ್ಥಳಕ್ಕೆ ಬಂದಾಗ ಶೇ. 50, ಹೂಳಿ ಜೋಡಿಸಿದಾಗ ಶೇ. 20, ಒತ್ತಡ ಪರೀಕ್ಷೆಗೆ ಶೇ. 20, ನೀರು ಹರಿದಾಗ ಶೇ. 10 ಎಂದು ನಾವು ಬರೆದಿದ್ದೆವು. ಕಾರ್ಖಾನೆಗೆ ಪೂರ್ತಿ ಹಣ ಮುಂಗಡ ಕೊಟ್ಟು ಕೊಳವೆ ತರಬೇಕು, ಶೇ. 50 ಸಿಕ್ಕರೆ ಬ್ಯಾಂಕಿನ ಬಡ್ಡಿ ಯಾರು ಕಟ್ಟಬೇಕು ಎಂಬುದು ಅವರ ವಾದ, ಮತ್ತು ಅದು ಸುಳ್ಳಲ್ಲ. ಬಡ್ಡಿಯನ್ನು ಅವರು ದರಕ್ಕೆ ಸೇರಿಸಿದರೆ ಕೊನೆಗೆ ಕಟ್ಟುವುದು ಸರ್ಕಾರವೇ. ಪಾವತಿಯನ್ನು ಶೇ. 65ಕ್ಕೆ ಏರಿಸಿದೆವು, ಆದರೆ ಒಂದು ಷರತ್ತಿನ ಮೇಲೆ: ಹೂಳದೆ, ಪರೀಕ್ಷಿಸದೆ ಉಳಿದ ಕೊಳವೆ 10 ಕಿ.ಮೀ. ಮೀರಿದರೆ ಹೊಸದಾಗಿ ಬಂದ ಕೊಳವೆಗೆ ಹಣವಿಲ್ಲ. ಈ ಒಂದು ತಿದ್ದುಪಡಿ ರಸ್ತೆಯಂಚಿನ ಪೇರಿಕೆಯನ್ನು ತಡೆದಷ್ಟು ಬೇರಾವ ದಂಡದ ಷರತ್ತೂ ತಡೆಯಲಾರದು ಎನ್ನುವುದು ನನ್ನ ಖಚಿತ ನಂಬಿಕೆ. ದಂಡದ ಒಟ್ಟು ಮಿತಿ ಎಂದಿನಂತೆ ಕರಾರು ಮೊತ್ತದ ಶೇ. 10.

ಕರಾರಿಗೆ ಸಹಿಯಾದ ಮೇಲೆ ಗುತ್ತಿಗೆದಾರರು ತಮ್ಮ ವಿವರವಾದ ಕಾರ್ಯಕ್ರಮ ಸಲ್ಲಿಸಬೇಕಿತ್ತು. ಸಲಹೆಗಾರ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ 1999ರ ಕೆಂಪು ಪುಸ್ತಕ ಎಂಬ ಮಾದರಿ ಕರಾರಿನಲ್ಲಿರುವ 28 ದಿನಗಳ ಗಡುವನ್ನೇ ನಾವೂ ಇಟ್ಟಿದ್ದೆವು. ಬಂದದ್ದು ಬಣ್ಣಬಣ್ಣದ ಉದ್ದನೆಯ ಹಾಳೆ. ಮೊದಲ ನೋಟಕ್ಕೆ ಚೆನ್ನಾಗಿತ್ತು. ತೆರೆದು ನೋಡಿದರೆ ಅರ್ಧದಷ್ಟು ಚಟುವಟಿಕೆಗಳಿಗೆ ಹಿಂದು ಮುಂದಿನ ಸಂಬಂಧವನ್ನೇ ಕೊಟ್ಟಿರಲಿಲ್ಲ, ದಿನಾಂಕಗಳನ್ನು ಕೈಯಿಂದ ತುಂಬಿದ್ದರು. ಅಂಥ ಕಾರ್ಯಕ್ರಮದಲ್ಲಿ ಒಂದು ಕೆಲಸ ಜಾರಿದರೆ ಮುಂದಿನದು ಜಾರುವುದಿಲ್ಲ, ಚಿತ್ರದಂತೆ ನಿಂತಲ್ಲೇ ನಿಂತಿರುತ್ತದೆ. ಅದನ್ನು ಹಿಂದಿರುಗಿಸಿ, ಅವರ ಯೋಜನಾ ತಂಡದ ಯುವಕನೊಂದಿಗೆ ಕೂತು ಪ್ರತಿ ಪ್ಯಾಕೇಜಿಗೂ ಸರಪಣಿ ಹಾಕಿಸಿದೆವು. ಆಗ ಜಾಕ್‌ವೆಲ್‌ನ ಮುಕ್ತಾಯ ತಾನಾಗಿಯೇ ಮುಂದಿನ ಬೇಸಗೆಗೆ ಸರಿದು ಕಂಪ್ಯೂಟರಿನ ಪರದೆಯ ಮೇಲೆ ಕೆಂಪಗಾಯಿತು. ಯಂತ್ರಗಳನ್ನು ತಿಂಗಳು ಮುಂಚೆಯೇ ಇಳಿಸುವ ನಿರ್ಧಾರವನ್ನು ಅವರು ತೆಗೆದುಕೊಂಡದ್ದು ಆ ಕೆಂಪು ನೋಡಿದ ಮೇಲೆ.

ಮೊದಲ ಕಾಲಾವಧಿ ವಿಸ್ತರಣೆಯ ಅರ್ಜಿ ಎರಡನೆಯ ವರ್ಷದಲ್ಲಿ ಬಂತು, ಮೂರು ಕಾರಣಗಳೊಂದಿಗೆ. ರೈಲು ಹಳಿ ದಾಟುವ ಅನುಮತಿ ಪಟ್ಟಿಯ ದಿನಾಂಕಕ್ಕಿಂತ ತಡವಾಗಿತ್ತು. ಅದರಲ್ಲಿ ವಾದವೇ ಇರಲಿಲ್ಲ, ಫ್ಲೋಟ್ ಕಳೆದು ಉಳಿದ ದಿನಗಳನ್ನು ಆ ಪ್ಯಾಕೇಜಿಗೆ ಕೊಡಲಾಯಿತು. ಪಂಪು ತಡವಾದದ್ದಕ್ಕೆ ನಕ್ಷೆಯ ಅನುಮೋದನೆ ಕಾರಣವೆಂದಿದ್ದರು. ಆವಕ ಜಾವಕ ಪುಸ್ತಕ ತೆಗೆದು ನೋಡಿದರೆ ನಕ್ಷೆ 15 ದಿನದೊಳಗೇ ಹಿಂದಿರುಗಿತ್ತು, ಆದೇಶದ ಪ್ರತಿ ಮಾತ್ರ ಸಲ್ಲಿಕೆಯಾಗಿರಲಿಲ್ಲ. ಅದು ತಿರಸ್ಕೃತ. ಮೂರನೆಯದು ಹಿನ್ನೀರಿನದು. ನೀರು ಲಗತ್ತಿಸಿದ ಅಂಕಿಗಳ ಮಿತಿ ಮೀರಿ ತಡವಾಗಿ ಇಳಿಯಿತೆಂದು ಅವರ ವಾದ. ಅಣೆಕಟ್ಟಿನ ಬಳಿ ದಾಖಲಾಗುವ ಮಟ್ಟವನ್ನು ನಾವು ಮುಂದಿಟ್ಟರೆ, ಗಾಳಿಗೆ, ಹರಿವಿಗೆ ನಮ್ಮ ಸ್ಥಳದಲ್ಲಿ ಮಟ್ಟ ಬೇರೆಯಿರುತ್ತದೆಂದು ತಮ್ಮ ಸೈಟಿನ ಡೈರಿಯನ್ನು ಅವರು ಮುಂದಿಟ್ಟರು. ಎರಡರ ನಡುವಿನ ಅಂತರ ಹೆಚ್ಚಲ್ಲ, ಆದರೆ ಹಿನ್ನೀರಿನ ಇಳಿಜಾರು ದಂಡೆಯಲ್ಲಿ ಅಷ್ಟು ಅಂತರಕ್ಕೇ ಹಲವು ದಿನಗಳು ಅತ್ತಿತ್ತ ಆಗುತ್ತವೆ. ಕರಾರಿನಲ್ಲಿ ಲಗತ್ತಿಸಿದ್ದು ಅಣೆಕಟ್ಟಿನ ಅಂಕಿಗಳಾದ್ದರಿಂದ ಅವುಗಳ ಪ್ರಕಾರವೇ ದಿನಗಳನ್ನು ಎಣಿಸಿ, ಕೇಳಿದ್ದರಲ್ಲಿ ಒಂದು ಪಾಲನ್ನು ಕೊಡಲಾಯಿತು. ಅವರು ಆಕ್ಷೇಪಣೆ ದಾಖಲಿಸಿ ಸಹಿ ಹಾಕಿದರು. ಅದರ ನಂತರ ಬಂದ ಯೋಜನೆಯ ಕರಡಿನಲ್ಲಿ ಜಾಕ್‌ವೆಲ್ ಸ್ಥಳದಲ್ಲೇ ಅಳತೆಗೋಲು ನೆಡುವುದು, ಪ್ರತಿದಿನ ಬೆಳಿಗ್ಗೆ ಎರಡೂ ಕಡೆಯವರು ಒಟ್ಟಿಗೆ ಮಟ್ಟ ಓದಿ ಒಂದೇ ಪುಸ್ತಕದಲ್ಲಿ ಸಹಿ ಮಾಡುವುದು, ಒಬ್ಬರು ಬಾರದಿದ್ದರೆ ಬಂದವರ ದಾಖಲೆಯೇ ಅಂತಿಮ ಎಂಬ ಸಾಲುಗಳನ್ನು ಸೇರಿಸಿದ್ದೇನೆ.